ಸ್ಕೌಟ್ ದಳ ನಡೆಸಲು ಮುಂದೆ ಬಂದ ಹೊಸಬರನ್ನು ತಯಾರು ಮಾಡುವುದು ಹೇಗೆ?

ಸಿದ್ದಾಪುರದ ಕಡೆ ನಿಮ್ಮ ಶಾಲೆಯಲ್ಲಿ ಹೊಸ ದಳ ನಡೆಸಲು ಐವರು ಸ್ವಯಂಸೇವಕರು ಮುಂದೆ ಬಂದಿದ್ದಾರೆ, ಅವರಿಗೆ ಮೊದಲು ಗಂಟು ಹಾಕುವುದನ್ನು ಕಲಿಸಬೇಕೋ, ಪ್ರತಿಜ್ಞೆ ಮತ್ತು ನಿಯಮಗಳನ್ನು ಬಾಯಿಪಾಠ ಮಾಡಿಸಬೇಕೋ ಎಂದು ಕೇಳಿದ್ದೀರಿ. ಎರಡಕ್ಕೂ ಅವಸರವಿಲ್ಲ. ಮೊದಲ ಕೆಲವು ವಾರ ಅವರಿಗೆ ಮಕ್ಕಳ ಎದುರು ಸುಮ್ಮನೆ ನಿಲ್ಲುವ ಅಭ್ಯಾಸ ಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ. ಹೊಸ ನಾಯಕರಿಗೆ ಇದರಷ್ಟು ಕಷ್ಟದ ಪಾಠ ಇನ್ನೊಂದಿಲ್ಲ, ಇದು ಬಂದರೆ ಉಳಿದದ್ದೆಲ್ಲ ತಾನಾಗಿ ಹಿಂದೆ ಬರುತ್ತದೆ.

ನಾನು ಸೋಮವಾರಪೇಟೆ ಕಡೆ ಗೈಡ್ ಕ್ಯಾಪ್ಟನ್, ಅಂದರೆ ಹುಡುಗಿಯರ ದಳ ನಡೆಸುವವಳು, ಆಗಿದ್ದೇನೆ, ಹೊಸಬರ ತರಬೇತಿಗಳಲ್ಲೂ ಕೈಜೋಡಿಸುತ್ತೇನೆ. ನೀವು ಬರೆದಿರುವ ತಂಡವನ್ನು ಓದಿ ನಗು ಬಂತು, ಏಕೆಂದರೆ ಕೊಡಗಿನಲ್ಲಿ ಎಲ್ಲೇ ಹೊಸ ದಳ ಶುರುವಾಗಲಿ ಹೆಚ್ಚುಕಡಿಮೆ ಇದೇ ಐವರು ಬರುತ್ತಾರೆ: ನಿವೃತ್ತ ಹವಾಲ್ದಾರರು, ತೋಟದ ಮಾಲೀಕರೊಬ್ಬರು, ಡಿಗ್ರಿ ಮುಗಿಸಿ ಊರಿಗೆ ಮರಳಿದ ಯುವಕ, ಇಬ್ಬರು ತಾಯಂದಿರು. ಸಿದ್ದಾಪುರದ ಸುತ್ತಮುತ್ತ ಇಂಥವರು ಸಿಕ್ಕಿರುವುದು ನಿಮ್ಮ ಅದೃಷ್ಟ. ಐವರೂ ಕೆಲಸ ಬಲ್ಲವರು. ತೊಂದರೆ ಶುರುವಾಗುವುದೂ ಅಲ್ಲೇ. ಹವಾಲ್ದಾರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಆರಂಭಿಸುತ್ತಾರೆ. ತೋಟದ ಮಾಲೀಕರಿಗೆ ಬೆಳಿಗ್ಗೆ ಎದ್ದು ಹತ್ತು ಜನರಿಗೆ ಕೆಲಸ ಹಂಚಿ ರೂಢಿ, ಇಲ್ಲಿಯೂ ಹಂಚುತ್ತಾರೆ. ತಾಯಂದಿರು ಹನ್ನೆರಡು ವರ್ಷದ ಹುಡುಗಿಯ ಬೂಟಿನ ಲೇಸನ್ನೂ ತಾವೇ ಬಗ್ಗಿ ಕಟ್ಟುತ್ತಾರೆ. ಯುವಕನಂತೂ ಮಕ್ಕಳಿಗಿಂತ ಮುಂಚೆ ತಾನೇ ಮರ ಹತ್ತಿರುತ್ತಾನೆ.

ಸ್ಕೌಟಿಂಗ್ ನಡೆಯುವುದು ಪೆಟ್ರೋಲ್ ಪದ್ಧತಿಯ ಮೇಲೆ. ಪೆಟ್ರೋಲ್ ಎಂದರೆ ಆರರಿಂದ ಎಂಟು ಮಕ್ಕಳ ಒಂದು ಸಣ್ಣ ಗುಂಪು, ಅವರಲ್ಲೇ ಒಬ್ಬ ಪೆಟ್ರೋಲ್ ಲೀಡರ್. ಏನು ಅಡುಗೆ, ಯಾರು ಸೌದೆಗೆ, ಯಾರು ನೀರಿಗೆ, ಡೇರೆ ಎಲ್ಲಿ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಲೀಡರ್ ಮತ್ತು ಅವನ ಗುಂಪು. ಲೀಡರ್‌ಗಳೆಲ್ಲ ಸೇರಿದ ಕೋರ್ಟ್ ಆಫ್ ಹಾನರ್ ದಳದ ಕಾರ್ಯಕ್ರಮವನ್ನೂ ಶಿಸ್ತನ್ನೂ ನೋಡಿಕೊಳ್ಳುತ್ತದೆ. ಸ್ಕೌಟ್ ಮಾಸ್ಟರ್ ಆದವರು ಪೆಟ್ರೋಲ್ ಲೀಡರ್‌ಗಳನ್ನು ತಯಾರು ಮಾಡಬೇಕು, ದಳದ ಮಕ್ಕಳನ್ನು ಆ ಲೀಡರ್‌ಗಳು ನಡೆಸಬೇಕು. 1907ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಪ್ರಾಯೋಗಿಕ ಶಿಬಿರದಲ್ಲೇ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಮಾಡಿ ಜವಾಬ್ದಾರಿಯನ್ನು ಅವರ ಕೈಗೇ ಕೊಟ್ಟಿದ್ದರು. ಅವರು ಸ್ವತಃ ಸೇನಾಧಿಕಾರಿ, ಆದರೂ ಹುಡುಗರಿಗೆ ಕವಾಯತು ಬೇಡ ಎಂದವರು. ಈ ಮಾತನ್ನು ನಿಮ್ಮ ಹವಾಲ್ದಾರರಿಗೆ ಮೊದಲ ದಿನವೇ ಹೇಳಿ, ಬೇರೆ ಯಾರ ಮಾತಿಗಿಂತಲೂ ಇದಕ್ಕೆ ಅವರು ಬೆಲೆ ಕೊಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಎನ್‌ಸಿಸಿಯನ್ನೂ ಸ್ಕೌಟ್ಸನ್ನೂ ಒಂದೇ ಎಂದುಕೊಂಡವರು ಬಹಳ. ಹವಾಲ್ದಾರರ ಶಿಸ್ತು ದಳಕ್ಕೆ ಬೇಕು, ಧ್ವಜಾರೋಹಣಕ್ಕೆ, ಗಾಯಾಳುವನ್ನು ಸಾಗಿಸುವ ಪಾಠಕ್ಕೆ, ನಕ್ಷೆ ಮತ್ತು ದಿಕ್ಸೂಚಿಗೆ ಅವರಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ಸೀಟಿಯನ್ನು ಮಾತ್ರ ಅವರ ಕೈಯಿಂದ ಸ್ವಲ್ಪ ದಿನ ತೆಗೆದಿಡಿ.

ಸುಮ್ಮನಿರುವುದನ್ನು ಉಪನ್ಯಾಸದಿಂದ ಕಲಿಸಲು ಆಗುವುದಿಲ್ಲ. ನಾನು ಮಾಡಿಸುವುದು ಇಷ್ಟು. ಒಂದು ಪೆಟ್ರೋಲ್‌ಗೆ ಅಕ್ಕಿ, ಹೆಸರುಬೇಳೆ, ಉಪ್ಪು, ಒಂದು ಪಾತ್ರೆ, ಒಂದು ಬೆಂಕಿಪೊಟ್ಟಣ ಕೊಟ್ಟು ಗಂಜಿ ಮಾಡಲು ಹೇಳುತ್ತೇನೆ. ಹೊಸ ಸ್ವಯಂಸೇವಕರು ಹತ್ತು ಹೆಜ್ಜೆ ದೂರದಲ್ಲಿ ಕುಳಿತು ನೋಡಬೇಕು. ಬಾಯಿ ತೆರೆಯಬಾರದು. ಕತ್ತಿ, ಬೆಂಕಿ, ನೀರು ಇವುಗಳಲ್ಲಿ ಯಾವುದರಿಂದಾದರೂ ಅಪಾಯ ಕಂಡರೆ ಮಾತ್ರ ಏಳಬೇಕು. ಗಂಜಿ ಸೀದರೆ ಸೀಯಲಿ, ಉಪ್ಪು ಹೆಚ್ಚಾದರೆ ಅದನ್ನೇ ಎಲ್ಲರೂ ಕುಡಿಯುವುದು.

ಒಮ್ಮೆ ಹೀಗೆ ಮಾಡಿಸಿದಾಗ ಹಿಂದಿನ ರಾತ್ರಿ ಮಳೆ ಬಿದ್ದು ಸೌದೆಯೆಲ್ಲ ಒದ್ದೆ. ಪೆಟ್ರೋಲ್ ಲೀಡರ್ ಹುಡುಗ ಪೇಟೆಯವನು, ಬೆಂಕಿಕಡ್ಡಿಗಳನ್ನು ಒಂದರ ಹಿಂದೆ ಒಂದು ಗೀರಿ ಮುಗಿಸುತ್ತಿದ್ದ. ನನ್ನ ಪಕ್ಕದಲ್ಲಿದ್ದ ಸ್ವಯಂಸೇವಕರೊಬ್ಬರು ಕುಳಿತಲ್ಲಿ ಕುಳಿತಿರಲಾರದೆ ಚಡಪಡಿಸಿದರು. ಸೀಮೆಎಣ್ಣೆ ಎಂದು ಅವರ ಬಾಯಿಂದ ಹೊರಡುವುದರಲ್ಲಿತ್ತು, ಕೈ ಸನ್ನೆ ಮಾಡಿ ತಡೆದೆ. ಅಷ್ಟರಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುತ್ತಿದ್ದ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹುಡುಗನೊಬ್ಬ ಎದ್ದು ಹೋಗಿ ನೆಲಕ್ಕೆ ಬೀಳದೆ ಗಿಡದಲ್ಲೇ ಒಣಗಿ ನಿಂತಿದ್ದ ಕಾಫಿ ರೆಂಬೆಗಳನ್ನು ಮುರಿದು ತಂದ. ದಪ್ಪದ ತುಂಡುಗಳನ್ನು ಸೀಳಿ ಒಳಗಿನ ಒಣ ತಿರುಳನ್ನು ಎಳೆಎಳೆಯಾಗಿ ಕೆತ್ತಿದ. ಬೆಂಕಿ ಹತ್ತಿತು. ಲೀಡರ್ ಹುಡುಗ ಅವನನ್ನೇ ಒಲೆಯ ಉಸ್ತುವಾರಿಗೆ ಹಾಕಿದ. ಆ ಸ್ವಯಂಸೇವಕರು ಬಾಯಿ ತೆರೆದಿದ್ದರೆ ಆ ಹುಡುಗ ಏಳುತ್ತಿರಲಿಲ್ಲ. ಅದನ್ನು ನಾನು ಅವರಿಗೆ ವಿವರಿಸಲೂ ಇಲ್ಲ, ಊಟದ ಹೊತ್ತಿಗೆ ಅವರೇ ಬೇರೆಯವರಿಗೆ ವಿವರಿಸುತ್ತಿದ್ದರು.

ಪ್ರತಿ ವಾರದ ಸಭೆ ಮುಗಿದು ಮಕ್ಕಳು ಮನೆಗೆ ಹೊರಟ ಮೇಲೆ ಐವರನ್ನೂ ಕಾಲು ಗಂಟೆ ಕೂರಿಸಿಕೊಳ್ಳಿ. ಕಾಫಿ ಕುಡಿಯುತ್ತಾ ಒಂದೇ ಪ್ರಶ್ನೆ ಕೇಳಿ: ಮಕ್ಕಳೇ ಮಾಡಬಹುದಾಗಿದ್ದ ಯಾವ ಕೆಲಸವನ್ನು ಇವತ್ತು ನಾವು ಮಾಡಿಬಿಟ್ಟೆವು? ಮೊದಮೊದಲು ಪಟ್ಟಿ ಉದ್ದವಿರುತ್ತದೆ. ಬೇರೆಯವರ ತಪ್ಪನ್ನು ಹೇಳುವಂತಿಲ್ಲ, ಅವರವರದ್ದನ್ನು ಮಾತ್ರ ಹೇಳಬೇಕು ಎಂಬ ಷರತ್ತು ಇಡಿ. ಇಲ್ಲದಿದ್ದರೆ ಮಾಲೀಕರು ಹವಾಲ್ದಾರರ ಬಗ್ಗೆ, ಹವಾಲ್ದಾರರು ಯುವಕನ ಬಗ್ಗೆ ಹೇಳಿ ಸಭೆ ಪಂಚಾಯಿತಿ ಆಗುತ್ತದೆ.

ಇನ್ನು ಅಧಿಕೃತ ತರಬೇತಿ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಹೊಸಬರಿಗೆ ಮೊದಲು ಒಂದು ಪರಿಚಯ ತರಬೇತಿ, ಆಮೇಲೆ ಏಳು ದಿನ ಅಲ್ಲೇ ಉಳಿದು ಕಲಿಯುವ ಬೇಸಿಕ್ ಕೋರ್ಸ್, ಬಂದು ದಳ ನಡೆಸಿದ ಅನುಭವದ ಮೇಲೆ ಅಡ್ವಾನ್ಸ್ ಕೋರ್ಸ್, ಕೊನೆಗೆ ನಾಯಕರ ಉನ್ನತ ತರಬೇತಿಯಾದ ಹಿಮಾಲಯ ವುಡ್ ಬ್ಯಾಡ್ಜ್. ವಿಭಾಗಕ್ಕೆ ತಕ್ಕಂತೆ ಕೋರ್ಸ್ ಬೇರೆಬೇರೆ ಇರುತ್ತದೆ. ಚಿಕ್ಕ ಹುಡುಗರ ಕಬ್ ವಿಭಾಗಕ್ಕೆ ಒಂದು, ಚಿಕ್ಕ ಹುಡುಗಿಯರ ಬುಲ್‌ಬುಲ್‌ಗೆ ಒಂದು, ಹತ್ತು ವರ್ಷ ದಾಟಿದವರ ಸ್ಕೌಟ್ ಮತ್ತು ಗೈಡ್‌ಗೆ ಒಂದೊಂದು. ಯಾರು ಯಾವ ವಿಭಾಗ ನಡೆಸುತ್ತಾರೆ ಎಂದು ತೀರ್ಮಾನಿಸದೆ ಹೆಸರು ಕಳಿಸಬೇಡಿ. ರಾಜ್ಯದ ತರಬೇತಿಗಳು ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್‌ನಲ್ಲಿ, ದಾವಣಗೆರೆ ಬಳಿಯ ಕೊಂಡಜ್ಜಿಯಲ್ಲಿ ನಡೆಯುತ್ತವೆ. ರಾಷ್ಟ್ರೀಯ ತರಬೇತಿ ಕೇಂದ್ರ ಇರುವುದು ಮಧ್ಯಪ್ರದೇಶದ ಪಚ್‌ಮಢಿಯಲ್ಲಿ. ದಿನಾಂಕ, ದಳದ ನೋಂದಣಿ, ನಾಯಕರ ವಾರಂಟ್ (ನೇಮಕಪತ್ರ) ಇವೆಲ್ಲ ಮಡಿಕೇರಿಯ ಜಿಲ್ಲಾ ಸಂಸ್ಥೆಯ ಮೂಲಕವೇ ಆಗಬೇಕು.

ಬೇಸಿಕ್ ಕೋರ್ಸ್‌ನಲ್ಲಿ ಐವತ್ತು ವರ್ಷದ ಮಾಲೀಕರನ್ನೂ ಒಂದು ಪೆಟ್ರೋಲ್‌ಗೆ ಹಾಕುತ್ತಾರೆ. ಅವರು ಪಾತ್ರೆ ತಿಕ್ಕಬೇಕು, ಇನ್ನೊಬ್ಬರ ಲೀಡರ್‌ಗಿರಿಗೆ ತಲೆಬಾಗಬೇಕು, ಶಿಬಿರಾಗ್ನಿಯ ಮುಂದೆ ನಾಚಿಕೆ ಬಿಟ್ಟು ಕುಣಿಯಬೇಕು. 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕ್‌ನಲ್ಲಿ ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆದಾಗಲೂ ದೊಡ್ಡವರನ್ನು ಹೀಗೆ ಪೆಟ್ರೋಲ್‌ಗಳಲ್ಲೇ ಇರಿಸಿದ್ದರು. ಹೆಗಲಿನ ಮೇಲೆ ಇನ್ನೊಬ್ಬರ ಅಧಿಕಾರ ಹೇಗಿರುತ್ತದೆ ಎಂದು ಮೈಗೆ ತಾಗದೆ ಮಕ್ಕಳ ಕಷ್ಟ ಅರ್ಥವಾಗುವುದಿಲ್ಲ. ಆದರೆ ದಳದ ಮುಖವನ್ನೇ ನೋಡದವರನ್ನು ನೇರವಾಗಿ ಕೋರ್ಸ್‌ಗೆ ಅಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮೂರು ತಿಂಗಳು ಮಕ್ಕಳ ಜೊತೆ ಒದ್ದಾಡಿ ಹೋದವರು ಅಲ್ಲಿ ಪ್ರಶ್ನೆ ಕೇಳುತ್ತಾರೆ, ಖಾಲಿ ಹೋದವರು ಟಿಪ್ಪಣಿ ಬರೆದುಕೊಂಡು ಬರುತ್ತಾರೆ.

ಕೊಡಗಿನ ಪಂಚಾಂಗವನ್ನು ನೋಡಿಯೇ ಯೋಜನೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ರಜೆ ಯಾವಾಗ ಘೋಷಣೆಯಾಗುತ್ತದೆ ಎಂದು ಹೇಳಲಾಗದು. ಆ ತಿಂಗಳುಗಳಲ್ಲಿ ಶಾಲೆಯ ಜಗಲಿಯಲ್ಲೇ ರೀಫ್ ನಾಟ್, ಕ್ಲವ್ ಹಿಚ್, ಬೋಲೈನ್ ಎಂಬ ಗಂಟುಗಳು, ಪ್ರಥಮ ಚಿಕಿತ್ಸೆ ಮತ್ತು ಕಿಮ್ಸ್ ಆಟ. ತಟ್ಟೆಯಲ್ಲಿ ಏಲಕ್ಕಿ, ಕರಿಮೆಣಸು, ಕಾಫಿ ಬೀಜ, ಗುಂಡಿ, ಬೀಗದ ಕೈ ಎಂದು ಇಪ್ಪತ್ತನಾಲ್ಕು ವಸ್ತು ಇಟ್ಟು ಒಂದು ನಿಮಿಷ ತೋರಿಸಿ ಮುಚ್ಚಿ, ನೆನಪಿದ್ದಷ್ಟನ್ನು ಬರೆಸುವುದು. ಹೊಸ ಸ್ವಯಂಸೇವಕರಿಗೆ ಸ್ವಂತವಾಗಿ ನಡೆಸಲು ಕೊಡಬೇಕಾದ ಮೊದಲ ಆಟ ಇದೇ, ಕೆಡುವ ಅವಕಾಶ ಕಡಿಮೆ. ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಕಳೆದು ಆಕಾಶ ತಿಳಿಯಾದ ಮೇಲೆ ಹೊರಗಿನ ಕೆಲಸ. ಸುಗ್ಗಿಯ ಹಬ್ಬ ಹುತ್ತರಿ ಮುಗಿದರೆ ಕಾಫಿ ಕೊಯ್ಲು ಬಿಗಿಯಾಗುತ್ತದೆ, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಆಗ ನಿಮ್ಮ ತೋಟದ ಮಾಲೀಕರನ್ನು ಏಳು ದಿನದ ಶಿಬಿರಕ್ಕೆ ಬನ್ನಿ ಎಂದರೆ ಬರುವುದಿಲ್ಲ, ಬರಬಾರದು ಕೂಡ. ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಮತ್ತು ಮದುವೆಗಳು. ಒಬ್ಬಿಬ್ಬರನ್ನೇ ನೆಚ್ಚಿಕೊಂಡ ದಳಗಳು ನಿಲ್ಲುವುದು ಈ ತಿಂಗಳುಗಳಲ್ಲೇ. ಆದ್ದರಿಂದ ಐವರಿಗೂ ಎಲ್ಲ ಕೆಲಸ ಬರುವಂತೆ ಮಾಡಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಸುಮ್ಮನಿರುವ ಪಾಠ ನಡೆಯುವುದಿಲ್ಲ. ನಿಮ್ಮ ಕಡೆ ತೋಟಗಳಲ್ಲೇ ಆನೆ ತಿರುಗಾಡುತ್ತವೆ. ಮುಂಜಾನೆ ಬೆಳಕು ಹರಿಯುವ ಮೊದಲು, ಸಂಜೆ ಕತ್ತಲಾದ ಮೇಲೆ ಮಕ್ಕಳನ್ನು ತೋಟದ ದಾರಿಯಲ್ಲಿ ನಡೆಸಬಾರದು. ಚಾರಣಕ್ಕೆ ಮುನ್ನ ಅರಣ್ಯ ಇಲಾಖೆಯ ಅನುಮತಿ ಮತ್ತು ಹಿಂದಿನ ದಿನ ಆನೆ ಎಲ್ಲಿತ್ತು ಎಂಬ ವಿಚಾರಣೆ ಎರಡೂ ಬೇಕು. ಹಾರಂಗಿ, ಕಾವೇರಿಯ ದಡದಲ್ಲಿ ಶಿಬಿರವಾದರೆ ನೀರಿಗಿಳಿಯುವ ಆಟವೇ ಬೇಡ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ಇದು, ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಡೇರೆ ಹಾಕುವ ವಿಚಾರ ಯಾರಾದರೂ ಎತ್ತಿದರೆ ಅಲ್ಲೇ ತಡೆಯಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸೇರಿಸಬೇಕು. ಜಿಗಣೆಗೆ ಹೆದರುವವರು ದೊಡ್ಡವರೇ ಹೊರತು ಮಕ್ಕಳಲ್ಲ.

ಇದಕ್ಕಿಂತ ಮುಖ್ಯವಾದದ್ದನ್ನು ಜನ ಮುಜುಗರದಿಂದ ಹೇಳದೆ ಬಿಡುತ್ತಾರೆ. ಒಬ್ಬ ದೊಡ್ಡವರು ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಶಿಬಿರದಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಮಲಗುವ ಜಾಗ ಮಕ್ಕಳಿಗೂ ದೊಡ್ಡವರಿಗೂ ಬೇರೆ. ಮಕ್ಕಳಿಗೆ ಖಾಸಗಿಯಾಗಿ ಮೊಬೈಲ್ ಸಂದೇಶ ಕಳಿಸುವಂತಿಲ್ಲ, ಹೇಳುವುದೇನಿದ್ದರೂ ಪೋಷಕರಿರುವ ಗುಂಪಿನಲ್ಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ, ಶಾಲೆಯ ಮರ್ಯಾದೆ ಎಂದು ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಐವರ ಮೊಬೈಲ್‌ನಲ್ಲೂ ಇರಲಿ. ಈ ನಿಯಮಗಳನ್ನು ಕೇಳಿ ಅವಮಾನವಾಯಿತು ಎನ್ನುವವರಿಗೆ ನಾನು ದಳ ಕೊಡುವುದಿಲ್ಲ, ಅವರು ಎಷ್ಟೇ ದೊಡ್ಡ ಮನೆಯವರಾಗಿರಲಿ.

ಪೆಟ್ರೋಲ್ ಹಂಚುವಾಗ ಸ್ವಲ್ಪ ಗಟ್ಟಿಯಾಗಿರಿ. ಬಿಟ್ಟರೆ ತೋಟದ ಮನೆಯ ಮಕ್ಕಳು ಒಂದು ಕಡೆ, ಲೈನ್ ಮನೆಯ ಮಕ್ಕಳು ಇನ್ನೊಂದು ಕಡೆ ಸೇರಿಬಿಡುತ್ತಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ನುಡಿ, ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳ ಮಾತು, ಎಲ್ಲವೂ ಒಂದೇ ಪೆಟ್ರೋಲ್‌ನಲ್ಲಿರಲಿ. ಬ್ರೌನ್‌ಸೀಯಲ್ಲೂ ಸಿರಿವಂತರ ಮತ್ತು ಕೂಲಿಕಾರರ ಮನೆಯ ಹುಡುಗರನ್ನು ಬೆರೆಸಿಯೇ ಪೆಟ್ರೋಲ್ ಮಾಡಿದ್ದರು. ಸಮವಸ್ತ್ರವನ್ನು ಮೊದಲ ತಿಂಗಳೇ ಕಡ್ಡಾಯ ಮಾಡಬೇಡಿ, ಸ್ಕಾರ್ಫ್ ಸಾಕು. ತೋಟದ ಮಾಲೀಕರು ಬಡ ಮಕ್ಕಳಿಗೆ ತಾವೇ ಕೊಡಿಸುತ್ತೇನೆ ಎಂದು ಮುಂದೆ ಬಂದರೆ ಹಣವನ್ನು ದಳದ ನಿಧಿಗೆ ಕೊಡಲು ಹೇಳಿ. ಯಾರ ಅಂಗಿಗೆ ಯಾರ ದುಡ್ಡು ಎಂದು ಮಕ್ಕಳಿಗೆ ಗೊತ್ತಾಗಬಾರದು.

ಗೈಡ್ ದಳವನ್ನು ಮಹಿಳೆಯೇ ನಡೆಸಬೇಕು. ನಿಮ್ಮಲ್ಲಿರುವ ಇಬ್ಬರು ತಾಯಂದಿರಿಗೆ ಏಳು ದಿನ ಮನೆ ಬಿಟ್ಟು ಹೋಗುವುದು ಹವಾಲ್ದಾರರಿಗಿಂತ ಕಷ್ಟ. ಮನೆಯವರೊಂದಿಗೆ ಈಗಲೇ ಮಾತಾಡಿ, ಒಬ್ಬರನ್ನೇ ಕಳಿಸದೆ ಇಬ್ಬರನ್ನೂ ಒಟ್ಟಿಗೆ ಕಳಿಸಿ. ಅವರು ಹಿಂತಿರುಗುವವರೆಗೆ ಹುಡುಗಿಯರ ದಳವನ್ನು ತಾತ್ಕಾಲಿಕವಾಗಿ ನಡೆಸಲು ನಿಮ್ಮ ಶಾಲೆಯ ಶಿಕ್ಷಕಿಯೊಬ್ಬರು ಒಪ್ಪಿದರೆ ಜುಲೈಯಲ್ಲೇ ಆರಂಭಿಸಬಹುದು.