ತಲೆಯಾಡಿಸಿದರೆ ಅರ್ಥವಾಯಿತೆಂದಲ್ಲ

ಕಿವುಡರಿಗಾಗಿಯೇ ಸಕ್ಕರೆ ಕಾಯಿಲೆಯ ಶಿಬಿರ ನಡೆಸಿದಿರಿ. ಕನ್ನಡದ ಕರಪತ್ರ ಹಂಚಿ, ಕೆಳಗೆ ಕನ್ನಡ ಸಾಲುಗಳು ಬರುವ ವಿಡಿಯೊ ತೋರಿಸಿದಿರಿ. ಎಲ್ಲರೂ ತಲೆಯಾಡಿಸಿದರು. ತಿಂಗಳಾದ ಮೇಲೆ ನೋಡಿದರೆ ಇಬ್ಬರ ಇನ್ಸುಲಿನ್ ಅಳತೆಯೇ ತಪ್ಪಿತ್ತು. 'ಬರೆದು ಕೊಟ್ಟರೂ ಹೀಗೇಕೆ?' ಎಂದು ಕೇಳಿದ್ದೀರಿ.

ಬರೆದು ಕೊಟ್ಟಿದ್ದರಿಂದಲೇ ಹೀಗಾಯಿತು ಎನ್ನಬೇಕು. ಹುಟ್ಟಿನಿಂದ ಕಿವುಡರಾದ ಅನೇಕರಿಗೆ ಕನ್ನಡ ಕಿವಿಗೆ ಬಿದ್ದೇ ಇಲ್ಲ. ಶಾಲೆಯಲ್ಲೂ ತುಟಿ ನೋಡಿ ಕಲಿಯಿರಿ ಎಂದವರೇ ಹೆಚ್ಚು. 'ಆಹಾರಕ್ಕೆ ಮುನ್ನ ಸೇವಿಸತಕ್ಕದ್ದು' ಎಂಬ ಸರ್ಕಾರಿ ಕನ್ನಡ ಕೇಳುವವರಿಗೇ ಕಷ್ಟ. ಪಾಠ ಭಾರತೀಯ ಸಂಜ್ಞಾ ಭಾಷೆಯಲ್ಲಿರಲಿ, ಸಾಧ್ಯವಾದರೆ ಕಿವುಡರೊಬ್ಬರೇ ಅದನ್ನು ನಡೆಸಲಿ. ಪಾಠದ ಪ್ರತಿಯನ್ನು ಅವರಿಗೂ ದುಭಾಷಿಗೂ ವಾರ ಮೊದಲೇ ಕೊಡಿ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ 10,000 ಪದಗಳ ನಿಘಂಟಿನಲ್ಲಿ ವೈದ್ಯಕೀಯ ಪದಗಳೂ ಇವೆ. ಆದರೂ ನಿಮ್ಮ ಊರಿನವರು ಬಳಸುವ ಸನ್ನೆ ಯಾವುದೆಂದು ಮೊದಲೇ ಕೇಳಿಕೊಳ್ಳಿ.

ಈಗ ಅಳತೆಯ ವಿಷಯ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಬಹುಪಾಲು ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಅದೇ ಲೆಕ್ಕದಲ್ಲಿ ಗೆರೆ ಹಾಕಿದ 40ರ ಸಿರಿಂಜೇ ಬೇಕು, ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ ಅದೇ ಔಷಧವನ್ನು 20ರ ಗೆರೆಗೆ ಎಳೆದರೆ ಒಳಹೋಗುವುದು ಬರೀ 8 ಯೂನಿಟ್. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್ ಹೋಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಇದನ್ನು ಬಾಯಲ್ಲಿ ಹೇಳುವ ಬದಲು ಸೀಸೆ, ಸಿರಿಂಜು ಕೈಗೆ ಕೊಡಿ. ಎರಡರ ಮೇಲಿನ ಸಂಖ್ಯೆಗೂ ಬೆರಳಿಟ್ಟು ಹೊಂದಿಸಲಿ. ಆಮೇಲೆ ಖಾಲಿ ಸೀಸೆಗೆ ನೀರು ತುಂಬಿಸಿ, ಎಳೆದು ತೋರಿಸಲಿ.

ಶಿಬಿರಗಳು ಹೆಚ್ಚಾಗಿ ಕೆಡುವುದು ಇಲ್ಲಿ: ಚಿತ್ರ ತೋರಿಸುತ್ತಲೇ ಮಾತಾಡುತ್ತೇವೆ. ನೋಡುವ ಕಣ್ಣು ಚಿತ್ರದ ಮೇಲಿರಬೇಕೋ ಕೈಗಳ ಮೇಲಿರಬೇಕೋ? ತೋರಿಸಿ, ನಿಲ್ಲಿಸಿ, ಅವರು ತಲೆಯೆತ್ತಿದ ಮೇಲೆ ವಿವರಿಸಿ. ಹತ್ತು–ಹನ್ನೆರಡು ಜನರನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿ. ದುಭಾಷಿಯ ಬೆನ್ನಿಗೆ ಕಿಟಕಿ ಬೇಡ, ಮುಖ ಕಪ್ಪಾಗುತ್ತದೆ. ಮುಖಭಾವವೂ ಆ ಭಾಷೆಯ ವ್ಯಾಕರಣವೇ. ಇಬ್ಬರು ದುಭಾಷಿಗಳಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ಮಕ್ಕಳನ್ನೋ ಅತ್ತೆಯನ್ನೋ ದುಭಾಷಿಯಾಗಿ ನಿಲ್ಲಿಸಬೇಡಿ. ಮುಟ್ಟಿನ, ಬಸಿರಿನ ಮಾತು ಅಲ್ಲಿಗೇ ನಿಂತುಹೋಗುತ್ತದೆ.

'ಅರ್ಥವಾಯಿತೆ?' ಎಂದು ಕೇಳಲೇಬೇಡಿ. ಸಂಕೋಚಕ್ಕೆ ಬರುವ ಉತ್ತರ ಯಾವಾಗಲೂ ಹೌದೇ. 'ಮೈ ನಡುಗಿ ಬೆವರಿದರೆ ಏನು ಮಾಡುತ್ತೀರಿ, ಮಾಡಿ ತೋರಿಸಿ' ಎನ್ನಿ. ಅದು ರಕ್ತದ ಸಕ್ಕರೆ ತೀರಾ ಇಳಿದ ಲಕ್ಷಣ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ರಕ್ತ ಪರೀಕ್ಷಿಸುವುದನ್ನು ಅಭಿನಯಿಸಿದರೆ ಪಾಠ ತಲುಪಿದೆ.

ನಂತರ ಅದೇ ಪಾಠವನ್ನು ಎರಡೆರಡು ನಿಮಿಷದ ತುಣುಕುಗಳಾಗಿ ಚಿತ್ರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ: ಹಿಂದೆ ಬರಿಯ ಗೋಡೆ, ನೆತ್ತಿಯಿಂದ ಸೊಂಟದವರೆಗೆ ಚೌಕಟ್ಟು, ಚಾಚಿದ ಕೈ ಹೊರಗೆ ಹೋಗದಷ್ಟು ಅಗಲ. ವಾರ ಬಿಟ್ಟು ವಿಡಿಯೊ ಕರೆ ಮಾಡಿ, ಅಂದಿನ ಸಿರಿಂಜನ್ನು ಚುಚ್ಚುವ ಮೊದಲು ಕ್ಯಾಮೆರಾಕ್ಕೆ ಹಿಡಿಯಲು ಹೇಳಿ.

— ಸಂಪಾದಕರು