ಹೃದಯದ ಎಂಆರ್‌ಐ ಚಿತ್ರದಲ್ಲಿ ಎದೆಯ ಅಂಚು ಎರಡು ಮೂರು ಸಲ ಕಾಣುವುದೇಕೆ?

ಬಹುಪಾಲು ಸ್ಕ್ಯಾನ್ ನಡುವೆ ಉಸಿರಾಡಿದ್ದರಿಂದ. ಎಂಆರ್‌ಐ ಚಿತ್ರ ಫೋಟೊದ ಹಾಗೆ ಒಂದೇ ಕ್ಲಿಕ್ಕಿಗೆ ಸಿಗುವುದಿಲ್ಲ. ಇಸಿಜಿ ನೋಡಿಕೊಂಡು, ಹಲವು ಬಡಿತಗಳಲ್ಲಿ ಸ್ವಲ್ಪ ಸ್ವಲ್ಪವೇ ಮಾಹಿತಿ ಸೇರಿಸಿ ಚಿತ್ರ ಮಾಡುತ್ತಾರೆ. ಅಷ್ಟರಲ್ಲಿ ಎದೆ ಅಲುಗಿದರೆ ಆ ಮಾಹಿತಿ ಒಂದಕ್ಕೊಂದು ಹೊಂದುವುದಿಲ್ಲ. ಎದೆಗೋಡೆಯ ಮಸುಕು ನೆರಳುಗಳು ಸಾಲಾಗಿ ಹೃದಯದ ಮೇಲೂ ಬೀಳುತ್ತವೆ.

ಗುರುತಿಸಲು ದೇಹದ ಹೊರಗಿನ ಕಪ್ಪು ಜಾಗ ನೋಡಿ. ಅಲ್ಲಿರುವುದು ಬರೀ ಗಾಳಿ, ಅಲ್ವಾ? ಅಲ್ಲಿಗೂ ಗೆರೆ ಮುಂದುವರಿದಿದ್ದರೆ ಅದು ನೆರಳೇ.

ಅದಕ್ಕೇ ಉಸಿರು ಹೊರಬಿಟ್ಟು 10-15 ಸೆಕೆಂಡ್ ಹಿಡಿಯಲು ಹೇಳುವುದು. ಹೊರಬಿಟ್ಟಾಗ ಶ್ವಾಸಕೋಶದ ಕೆಳಗಿನ ವಪೆ (ಉಸಿರಾಟದ ಸ್ನಾಯು) ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಉಸಿರು ಹಿಡಿಯಲು ಆಗದಿದ್ದರೆ ಸುಮ್ನೆ ಒದ್ದಾಡಬೇಡಿ, ಮೊದಲೇ ಹೇಳಿಬಿಡಿ. ಉಸಿರಾಡುತ್ತಲೇ ತೆಗೆಯುವ ವೇಗದ ವಿಧಾನವೂ ಇದೆ, ಸ್ಪಷ್ಟತೆ ಮಾತ್ರ ಸ್ವಲ್ಪ ಕಡಿಮೆ.