ಹೇಳಿದ್ರೆ ಮಾಡ್ತಾರೆ, ತಾವಾಗೇ ಏನೂ ಮಾಡಲ್ಲ

ತೀರ್ಥಹಳ್ಳಿ ಕಡೆಯಿಂದ ಒಬ್ರು ಬರ್ದಿದಾರೆ: "ನಮ್ಮನೆಯವ್ರು ಹಂಚು ಸರಿಮಾಡೋಕೆ ಹತ್ತಿ ಬಿದ್ದು ತಲೆಗೆ ಆಪರೇಶನ್ ಆಗಿ ಎಂಟು ತಿಂಗಳಾಯ್ತು. ಕೈಕಾಲು, ಮಾತು ಎಲ್ಲ ಸರಿಯಿದೆ, ಆದ್ರೆ ಜಗಲಿ ಮೇಲೆ ಕೂತ್ರೆ ಕೂತ್ರು, ಹೇಳಿದ್ರೆ ಮಾತ್ರ ಸ್ನಾನ. ಮೊನ್ನೆ ಕಣ್ಣೆದುರೇ ಹಾಲು ಉಕ್ಕಿದ್ರೂ ನೋಡ್ತಾ ನಿಂತಿದ್ರು. ಅತ್ತೆ ಸೋಮಾರಿ ಅಂತಾರೆ, ಮೈದುನ ಡಿಪ್ರೆಶನ್ ಅಂತಾನೆ. ಡಾಕ್ಟರ್ ಹತ್ರ ಹೋದ್ರೆ ಚೆನ್ನಾಗೇ ಮಾತಾಡ್ತಾರೆ! ನಾನೇನ್ ಮಾಡ್ಲಿ?"

ನೋಡಿ ತಂಗಿ, ಹಾಲು ಉಕ್ಕಿದ್ದು ಅವ್ರಿಗೆ ಕಂಡಿದೆ, "ರೀ, ಗ್ಯಾಸ್" ಅಂದಿದ್ರೆ ಆಫೂ ಮಾಡ್ತಿದ್ರು. ಸೆಲ್ಫ್ ಸ್ಟಾರ್ಟ್ ಹೋಗಿದೆ, ಕಿಕ್ ಹೊಡೆದ್ರೆ ಗಾಡಿ ಓಡತ್ತೆ, ಅಷ್ಟೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವ್ರಲ್ಲಿ ಇದು ತುಂಬಾ ಕಾಣತ್ತೆ, ಅಪಥಿ ಅಂತಾರೆ. ಡಾಕ್ಟರ್ ಎದುರು ಚೆನ್ನಾಗಿರೋದೂ ಇದಕ್ಕೇ, ಅಲ್ಲಿ ಅವ್ರು ಕೇಳೋ ಪ್ರಶ್ನೇನೇ ಕಿಕ್ಕು.

ಡಿಪ್ರೆಶನ್ ಆದ್ರೆ ಸಾಮಾನ್ಯವಾಗಿ ಒಳಗೆ ಸಂಕಟ ಇರತ್ತೆ, ಅಳು, "ನಾನು ನಿಮಗೆಲ್ಲ ಭಾರ" ಅನ್ನೋ ಮಾತು. ಅಪಥೀಲಿ ಆ ಸಂಕಟಾನೂ ಇರಲ್ಲ. ಎರಡೂ ಒಟ್ಟಿಗೆ ಇರ್ಬಹುದು, ಹಾಗಾಗಿ ಮೈದುನನ ತೀರ್ಪು ಬೇಡ, ಪರೀಕ್ಷೆ ಮಾಡಿಸಿ. 1991ರಲ್ಲಿ ರಾಬರ್ಟ್ ಮಾರಿನ್ ಅನ್ನೋ ಡಾಕ್ಟ್ರು ಅಪಥಿ ಎಷ್ಟಿದೆ ಅಂತ ಅಳೆಯೋಕೇ 18 ಪ್ರಶ್ನೆಗಳ ಒಂದು ಸ್ಕೇಲ್ ಮಾಡಿದ್ರು, ಅದ್ರಲ್ಲಿ ಪೇಶೆಂಟ್‌ಗೊಂದು, ಮನೆಯವ್ರಿಗೊಂದು, ಡಾಕ್ಟರ್‌ಗೊಂದು ಅಂತ ಮೂರು ನಮೂನೆ. ಯಾಕಂದ್ರೆ ಪೇಶೆಂಟನ್ನ ಮಾತ್ರ ಕೇಳಿದ್ರೆ "ಆರಾಮಿದೀನಿ" ಅಂದ್ಬಿಡ್ತಾರೆ, ಸುಳ್ಳಲ್ಲ, ತನಗೇನಾಗಿದೆ ಅಂತ ಗೊತ್ತಾಗೋ ಶಕ್ತಿಗೂ ಅದೇ ಪೆಟ್ಟು ಬಿದ್ದಿರತ್ತೆ. ನಿಮ್ಮ ಮಾತೂ ಬೇಕು, ನಿಮ್ಮನೆಯವ್ರು ಇಲ್ಲದಾಗ ಡಾಕ್ಟರ್‌ಗೆ ಬೇರೆಯಾಗಿ ಹೇಳಿ.

ಹೋಗೋ ಮುಂಚೆ ಒಂದು ವಾರ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ತಾವಾಗೇ ಏನ್ ಮಾಡಿದ್ರು, ಎಷ್ಟ್ ಸಲ ಹೇಳಿದ್ಮೇಲೆ ಏನ್ ಮಾಡಿದ್ರು, ಬೀಳೋ ಮುಂಚೆ ಹೇಗಿದ್ರು (ಮೊದ್ಲಿಂದ್ಲೂ ಜಗಲಿ ಪ್ರಿಯರೇ ಆಗಿದ್ರೆ ಅದನ್ನೂ ಬರೀರಿ ಮತ್ತೆ!). ಫಿಟ್ಸ್ ಮಾತ್ರೆ ತಗೋತಿದ್ರೆ ಅದ್ರಿಂದ ಮಂಕಾಗಿದೆಯಾ, ಥೈರಾಯ್ಡ್ ಮತ್ತೆ ಬೇರೆ ಹಾರ್ಮೋನ್ ಟೆಸ್ಟ್ ಬೇಕಾ, ನಿದ್ದೆ ಸರಿಯಿದೆಯಾ, ಇದನ್ನೆಲ್ಲ ಕೇಳಿ. ಸಾಧ್ಯ ಆದ್ರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗ್ಬನ್ನಿ, ನ್ಯೂರೋಸೈಕಾಲಜಿ (ಮೆದುಳಿನ ಪೆಟ್ಟಿಂದ ಯೋಚನೆ, ನಡವಳಿಕೆ ಹೇಗಾಗಿದೆ ಅಂತ ಪರೀಕ್ಷೆ ಮಾಡೋದು), ರಿಹ್ಯಾಬ್ (ಮತ್ತೆ ದಿನದ ಕೆಲಸಗಳಿಗೆ ಹೊಂದಿಸೋ ತರಬೇತಿ) ಎರಡೂ ಅಲ್ಲಿದೆ.

ಅಲ್ಲೀತನಕ "ಸ್ನಾನ ಮಾಡ್ತೀರಾ?" ಅಂತ ಕೇಳ್ಬೇಡಿ, "ಬೇಡ" ಅಂತಾರೆ, ಮುಗೀತು. "ಹಂಡೇಲಿ ನೀರು ಕಾದಿದೆ, ಏಳಿ, ಟವೆಲ್ ತಗೊಳ್ಳಿ" ಅನ್ನಿ. ನಿಮ್ಮ ಸಿಟ್ಟು ತಪ್ಪಲ್ಲ, ದಿನಾ ಕಿಕ್ ಹೊಡೆಯೋರ ಕಾಲೂ ನೋಯತ್ತೆ, ಬೆಳಗಿನ ಪಾಳಿ ಮೈದುನಂಗೆ ಕೊಡಿ. ಅತ್ತೇನೂ ಒಂದ್ಸಲ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಸೊಸೆ ಹೇಳಿದ್ರೆ ಕೇಳದವ್ರು ಡಾಕ್ಟರ್ ಹೇಳಿದ್ರೆ ಕೇಳ್ತಾರೆ.